ಬೆನ್ನು ತಿರುಗಿಸಿ ಕೂತವಳ ಮಗಳು

ಪುಣೆಯ ಹಳೆಯ ಕಾಲೇಜೊಂದರಲ್ಲಿ ಚಿತ್ರಕಲೆಯ ಇತಿಹಾಸ ಕಲಿಸುವ ವಿಭಾಗವಿದೆ. ಅಲ್ಲಿ ಕಸ ಗುಡಿಸಿ, ನೆಲ ಒರೆಸಿ, ಹೊತ್ತಿಗೆ ಸರಿಯಾಗಿ ಚಹಾ ಕೊಡುವ ಶಿವಕಾಂತಾ ಬೆಳಿಗ್ಗೆ ಬಂದೊಡನೆ ಮೊದಲು ಮುಟ್ಟುವುದು ಕಸಬರಿಗೆಯನ್ನಲ್ಲ. ಕಾರಿಡಾರಿನ ಗೋಡೆಗೆ ತೂಗುಹಾಕಿರುವ ಒಂದು ಚಿತ್ರದ ಗಾಜನ್ನು. ಉಳಿದ ಚಿತ್ರಗಳಿಗೆಲ್ಲ ಒದ್ದೆ ಬಟ್ಟೆ, ಇದೊಂದಕ್ಕೆ ಅವಳ ಸೆರಗಿನ ತುದಿ.

ಚಿತ್ರದ ಹೆಸರು ‘ದುಪಾರ’. ಮಧ್ಯಾಹ್ನ ಎಂದು ಅರ್ಥ. ಬರೆದವರು ದೇವಧೇಕರ ಎಂಬ ಚಿತ್ರಕಾರರು, ತೀರಿಹೋಗಿ ಬಹಳ ವರ್ಷವಾಯಿತು. ಮೂಲ ಚಿತ್ರ ಮುಂಬಯಿಯ ಸಂಗ್ರಹಾಲಯದಲ್ಲಿದೆ. ಇಲ್ಲಿರುವುದು ಅದರ ಅಚ್ಚು. ಅರ್ಧ ಎದ್ದ ಕಟ್ಟಡ, ಬಿದಿರಿನ ಸಾರುವೆ, ಬೇವಿನ ಗಿಡದ ಚಿಕ್ಕ ನೆರಳು. ಆ ನೆರಳಿನಲ್ಲಿ ಐವರು ಕೂಲಿ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದಾರೆ. ನಾಲ್ವರ ಮುಖ ನಮ್ಮ ಕಡೆಗಿದೆ. ಐದನೆಯವಳು ಸೆರಗನ್ನು ಮುಂದಕ್ಕೆ ಎಳೆದುಕೊಂಡು, ತಲೆ ತಗ್ಗಿಸಿ, ನಮಗೆ ಬೆನ್ನು ಮಾಡಿದ್ದಾಳೆ. ಅವಳ ಕೆಂಪು ಕುಬಸದ ಬಲ ಹೆಗಲಿನ ಮೇಲೆ ಮೂರು ಮೂಲೆಯ ಒಂದು ಹಸಿರು ತೇಪೆ.

ಆ ಐದನೆಯವಳು ಶಿವಕಾಂತಾಳ ತಾಯಿ.

ಇದು ಅವಳಿಗೆ ತಿಳಿದದ್ದು ಹನ್ನೊಂದು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ. ಮನೆಯಲ್ಲಿ ಮರೆತು ಬಂದಿದ್ದ ಬುತ್ತಿಯನ್ನು ಕೊಡಲು ಸೋದರಮಾವ ಜಟ್ಟೆಪ್ಪ ಬಿಬವೇವಾಡಿಯಿಂದ ಬಸ್ಸು ಹತ್ತಿ ಬಂದಿದ್ದ. ಆಯುಷ್ಯವಿಡೀ ಗೌಂಡಿ ಕೆಲಸ ಮಾಡಿದವನು. ಎಲ್ಲಿಗೆ ಹೋದರೂ ಮೊದಲು ಗೋಡೆ ನೋಡುವುದು ಅವನ ಅಭ್ಯಾಸ. ಅವತ್ತೂ ಗೋಡೆಯ ಗಿಲಾವನ್ನು ಬಯ್ಯುತ್ತ ಬಂದವನು ಚಿತ್ರದ ಮುಂದೆ ನಿಂತುಬಿಟ್ಟ.

“ಶಿವೀ, ಇಲ್ಲಿ ಬಾ. ಇದು ನನ್ನ ಅಂಗಿ.”

“ಎಲ್ಲದ ಮಾಮಾ ಅಂಗಿ? ಹೆಣ್ಮಕ್ಕಳು ಕುಂತಾರ ಅಲ್ಲಿ.”

“ಆ ತ್ಯಾಪಿ ನೋಡಲೇ. ನನ್ನ ಹಸಿರು ಅಂಗಿ ಹರಿದಾಗ ನಮ್ಮವ್ವ ಅದರ ತುಂಡು ಕತ್ತರಿಸಿ ಅಕ್ಕನ ಕುಬಸಕ್ಕ ಹಚ್ಚಿದ್ಳು. ಬುಟ್ಟಿ ಹೊತ್ತು ಹೊತ್ತು ಹೆಗಲ ಮ್ಯಾಲೆ ತೂತು ಬಿದ್ದಿತ್ತು. ಆ ಅಂಗಿ ಸಲುವಾಗಿ ನಾ ಎರಡು ದಿನ ಉಣ್ಣದಂಗ ಅತ್ತೀನಿ, ನನಗ ಗೊತ್ತಿಲ್ಲೇನು?” ಆಮೇಲೆ ಅವನ ದನಿ ಇಳಿಯಿತು. “ಇಕಿ ಭಾಮಾ. ಇಕಿ ನಿಮ್ಮವ್ವ.”

ಜೇವರ್ಗಿ ಕಡೆಯಿಂದ ಕೂಲಿಗೆಂದು ಪುಣೆಗೆ ಬಂದ ಭಾಮಾ, ಈ ಚಿತ್ರ ಬರೆದ ವರ್ಷವೇ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಶಿವಕಾಂತಾ ಆಗ ಹಾಲು ಕುಡಿಯುವ ಕೂಸು. ಚಿಕ್ಕಮ್ಮ ಸಾಕಿದಳು, ಪ್ರೀತಿಯಿಂದಲೇ ಸಾಕಿದಳು. ಆದರೆ ತಾಯಿಯದೊಂದು ಫೋಟೋ ಇರಲಿಲ್ಲ. ಆ ಕಾಲದಲ್ಲಿ ಕೂಲಿಯವರ ಫೋಟೋ ತೆಗೆಯುವವರು ಯಾರು? ಬುದ್ಧಿ ಬಂದಾಗಿನಿಂದ ಶಿವಕಾಂತಾ ಕೇಳುತ್ತಲೇ ಬಂದಳು, ಅವ್ವ ಹೇಗಿದ್ದಳು ಎಂದು. ಚಿಕ್ಕಮ್ಮ ಕೆಂಪಗಿದ್ದಳು ಎನ್ನುತ್ತಿದ್ದಳು, ತಂದೆ ಕಪ್ಪಗಿದ್ದಳು ಎನ್ನುತ್ತಿದ್ದ. ಜಟ್ಟೆಪ್ಪನನ್ನು ಕೇಳಿದರೆ ಬಹಳ ಹೊತ್ತು ಯೋಚಿಸಿ, “ಹೆಂಗಿದ್ಳು ಅಂದ್ರ... ಅಕ್ಕನಂಗ ಇದ್ಳು” ಎನ್ನುತ್ತಿದ್ದ.

ಅಂಥವಳಿಗೆ ನಲವತ್ತರ ಹತ್ತಿರದಲ್ಲಿ ತಾಯಿ ಸಿಕ್ಕಿದಳು. ಅದೂ ಬೆನ್ನು ಮಾತ್ರ. ಆ ದಿನ ಸಂಜೆ ಎಲ್ಲರೂ ಹೋದ ಮೇಲೆ ಶಿವಕಾಂತಾ ಚಿತ್ರವನ್ನು ಮೊಳೆಯಿಂದ ಇಳಿಸಿ ಹಿಂದುಮುಂದು ಮಾಡಿ ನೋಡಿದ್ದಳು. ಹಿಂದೆ ಕಂದು ಕಾಗದ, ಒಂದು ಜೇಡರ ಬಲೆ. ಇಷ್ಟು ದೊಡ್ಡವಳಾಗಿ ಇದೆಂಥ ಹುಡುಗಾಟ ಎಂದು ನಾಚಿಕೆಯಾಗಿ, ಮತ್ತೆ ತೂಗಿಹಾಕಿ, ಯಾರೂ ನೋಡಲಿಲ್ಲವಷ್ಟೆ ಎಂದು ಕಾರಿಡಾರಿನ ಎರಡೂ ತುದಿಗೆ ಕಣ್ಣಾಡಿಸಿದ್ದಳು.

ಅವಳಿಗೆ ಮುಖ ಬೇಕಿತ್ತು. ಸುಮ್ಮನೆ ನೋಡುವುದಕ್ಕಲ್ಲ. ಮಾನವಮಿ ಅಮಾವಾಸ್ಯೆಯ ದಿನ ಅವರಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಅತ್ತೆ ಮಾವನ ಫೋಟೋಗಳಿದ್ದವು. ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಹೂವು ಏರಿಸುತ್ತಿದ್ದಳು. ತಾಯಿಯ ಜಾಗದಲ್ಲಿ ಒಂದು ತಂಬಿಗೆ ಇಡುತ್ತಿದ್ದಳು. ಕಾಲೇಜಿನಲ್ಲಿ ಚಿತ್ರ ಸಿಕ್ಕ ವರ್ಷ ಅದೇ ಚಿತ್ರವಿದ್ದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹುಡುಕಿ ತಂದು ಕಟ್ಟು ಹಾಕಿಸಿ, ಅಮಾವಾಸ್ಯೆಯ ದಿನ ಮಣೆಯ ಮೇಲೆ ಇಟ್ಟಳು. ಕುಂಕುಮವನ್ನು ಬೆರಳಿಗೆ ತೆಗೆದುಕೊಂಡಳು. ಬೆರಳು ಅಲ್ಲೇ ನಿಂತಿತು. ಮುತ್ತೈದೆಯಾಗಿ ಹೋದ ತಾಯಿ, ಕುಂಕುಮ ಹಚ್ಚಬೇಕು. ಎಲ್ಲಿ ಹಚ್ಚುವುದು? ಬೆನ್ನಿಗೆ ಯಾರಾದರೂ ಕುಂಕುಮ ಹಚ್ಚುತ್ತಾರೆಯೇ? ಗಂಡ ಚನ್ನವೀರ, ಭೋಸರಿಯ ಕಾರ್ಖಾನೆಯಿಂದ ಅರ್ಧ ದಿನದ ರಜೆ ಹಾಕಿ ಬಂದವನು, “ತಂಬಗಿಗೇ ಹಚ್ಚು, ಎಡಿ ಆರ್ತದ” ಎಂದ. ಆ ವರ್ಷವೂ ತಂಬಿಗೆಗೇ ಹಚ್ಚಿದಳು. ಮುಂದಿನ ಹತ್ತು ವರ್ಷವೂ.

ಇತ್ತ ವಿಭಾಗದಲ್ಲಿ ‘ದುಪಾರ’ದ ಬಗ್ಗೆ ಮಾತನಾಡದ ವರ್ಷವಿಲ್ಲ. ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದಾಗ ಬರೆದ ಚಿತ್ರ ಅದು. ದೊಡ್ಡ ದೊಡ್ಡವರು ಪುಸ್ತಕ ಬರೆದಿದ್ದರು. ಶಿವಕಾಂತಾ ವಿಚಾರಗೋಷ್ಠಿಗಳಲ್ಲಿ ಹಿಂದಿನ ಸಾಲಿನ ಪಕ್ಕ ಚಹಾದ ಫ್ಲಾಸ್ಕು ಹಿಡಿದು ನಿಂತು ಕೇಳುತ್ತಿದ್ದಳು. ಮರಾಠಿ ಪೂರ್ತಿ ತಿಳಿಯುತ್ತಿತ್ತು, ಇಂಗ್ಲಿಷಿನಲ್ಲಿ ಮಾತನಾಡಿದರೂ ಪರದೆಯ ಮೇಲೆ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಅರ್ಧ ಊಹಿಸುತ್ತಿದ್ದಳು. ಒಬ್ಬರು, ಬೆನ್ನು ತಿರುಗಿಸಿದವಳು ಬಂಡವಾಳಕ್ಕೆ ಬೆನ್ನು ತಿರುಗಿಸಿದ ಕಾರ್ಮಿಕ ವರ್ಗ ಎಂದರು. ಇನ್ನೊಬ್ಬರು, ಬಾಯಿ ಕಟ್ಟಿಸಿಕೊಂಡ ದೇಶವೇ ಅವಳು ಎಂದರು. ಮತ್ತೊಬ್ಬರು ಆ ಹಸಿರು ತೇಪೆಯನ್ನು ದೊಡ್ಡದು ಮಾಡಿ ತೋರಿಸಿ, ಇದು ಗಡಿ ಭಾಗದ ನಕ್ಷೆ, ಎರಡು ರಾಜ್ಯಗಳ ನಡುವೆ ಹರಿದ ಜನರ ಗುರುತು ಎಂದು ಒಂದು ಗಂಟೆ ಮಾತನಾಡಿದರು. ಜಟ್ಟೆಪ್ಪನಿಗೆ ಇದನ್ನು ಹೇಳಿದಾಗ ಅವನು ನಕ್ಕು ನಕ್ಕು ಕೆಮ್ಮಿದ. “ನನ್ನ ಅಂಗಿ ಸಲುವಾಗಿ ಎರಡು ಸರ್ಕಾರ ಜಗಳ ಮಾಡ್ಲಾಕತ್ತಾವೇನು?”

ಅವಳು ನಗಲಿಲ್ಲ. ಹೀಗೆ ಅವಳ ತಾಯಿ ಒಮ್ಮೆ ವರ್ಗವಾದಳು, ಒಮ್ಮೆ ದೇಶವಾದಳು, ಒಮ್ಮೆ ಗಡಿಯಾದಳು. ಯಾರಾದರೂ ಒಮ್ಮೆ, ಈಕೆಯ ಮುಖ ಹೇಗಿತ್ತೋ ಎಂದು ಕೇಳಿಯಾರೇ ಎಂದು ಅವಳು ಕಾಯುತ್ತಿದ್ದಳು. ಯಾರೂ ಕೇಳಲಿಲ್ಲ. ತಾನಾಗಿ ಹೇಳಲು ಅವಳಿಗೆ ಮನಸ್ಸಿರಲಿಲ್ಲ. ನಂಬದಿದ್ದರೆ ಅವಮಾನ, ನಂಬಿದರೆ ನಾಳೆಯಿಂದ ಚಿತ್ರ ಬಿಟ್ಟು ತನ್ನನ್ನೇ ನೋಡತೊಡಗುತ್ತಾರೆ.

ಅಷ್ಟರಲ್ಲಿ ಅಪೂರ್ವ ಬಂದಳು. ಮೈಸೂರಿನ ಹುಡುಗಿ, ‘ದುಪಾರ’ದ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದಳು. ಮೊದಲ ದಿನವೇ ಶಿವಕಾಂತಾ ಫೋನಿನಲ್ಲಿ ಮಾತನಾಡುವುದನ್ನು ಕೇಳಿ ಓಡಿ ಬಂದಿದ್ದಳು. “ಅಯ್ಯೋ ಅಕ್ಕ, ನೀವು ಕನ್ನಡದವ್ರಾ? ಪುಣೆಗೆ ಬಂದು ಎರಡು ತಿಂಗಳಾಯ್ತು, ಕನ್ನಡ ಕೇಳ್ದೆ ತಲೆ ಕೆಟ್ಟೋಗಿತ್ತು.” ಅಂದಿನಿಂದ ಅವಳ ಚಹಾಕ್ಕೆ ಶುಂಠಿ ಸ್ವಲ್ಪ ಹೆಚ್ಚು ಬೀಳತೊಡಗಿತು. ಅವಳ ಊಟ ತಿಂಡಿಯ ಗೋಳು, ರೂಮಿನ ಜಗಳ, ಪ್ರೊಫೆಸರರ ಸಿಡುಕು, ಎಲ್ಲವನ್ನೂ ಶಿವಕಾಂತಾ ಕೇಳಿಸಿಕೊಂಡಳು. ತನ್ನದನ್ನು ಹೇಳಲಿಲ್ಲ.

ಹೇಳುವ ಹೊತ್ತು ತಾನಾಗಿಯೇ ಬಂತು. ಈ ವರ್ಷ ಮಳೆಗಾಲದಲ್ಲಿ ದೇವಧೇಕರರ ಮನೆಯವರು ಅವರ ಹಳೆಯ ಟ್ರಂಕೊಂದನ್ನು ವಿಭಾಗಕ್ಕೆ ಕೊಟ್ಟರು. ಅದರ ತುಂಬ ಪೆನ್ಸಿಲ್ಲಿನಲ್ಲಿ ಬರೆದ ಚಿತ್ರಗಳ ನೋಟ್‌ಬುಕ್ಕುಗಳು. ಪಟ್ಟಿ ಮಾಡುವ ಕೆಲಸ ಅಪೂರ್ವಳಿಗೆ ಬಂತು. “ಗೊತ್ತಾ ಅಕ್ಕ, ದುಪಾರದಲ್ಲಿರೋರನ್ನೆಲ್ಲ ಇದ್ರಲ್ಲಿ ಒಬ್ಬೊಬ್ಬರನ್ನೇ ಪ್ರಾಕ್ಟೀಸ್ ಮಾಡಿದಾರಂತೆ” ಎಂದಳು, ಚಹಾ ಹೀರುತ್ತ.

ಕಪ್ಪು ಎತ್ತುತ್ತಿದ್ದ ಶಿವಕಾಂತಾ ತಿರುಗಿ ನಿಂತಳು. “ಎಲ್ಲಾರನ್ನೂ ಏನ್ರಿ? ಆ ಬೆನ್ನು ಮಾಡಿದಾಕಿನ್ನೂ?”

“ಇರ್ಬಹುದು. ಯಾಕೆ?”

“ಆಕಿ ನಮ್ಮವ್ವರಿ.”

ಅಪೂರ್ವ ಕಪ್ಪು ಕೆಳಗಿಟ್ಟಳು. ಶಿವಕಾಂತಾ ನಿಂತೇ ಎಲ್ಲವನ್ನೂ ಹೇಳಿದಳು. ಅಂಗಿ, ತೇಪೆ, ಕಾಮಾಲೆ, ತಂಬಿಗೆ. ಹುಡುಗಿಯ ಕಣ್ಣು ಅರಳಿತು. “ದೇವ್ರೇ! ಅಕ್ಕ, ಇದು ಎಷ್ಟು ದೊಡ್ಡ ವಿಷ್ಯ ಗೊತ್ತಾ? ಯಾರ ಹತ್ರನೂ ಇಲ್ಲ ಇದು. ನಿಮ್ಮದೊಂದು ಇಂಟರ್ವ್ಯೂ ಮಾಡ್ಕೊಳ್ಲಾ?”

“ಇಂಟರ್ವ್ಯೂ ಆಮ್ಯಾಲ ಮಾಡ್ರಿ. ಮೊದಲ ಮುಖ ಹುಡುಕ್ರಿ.”

ನಾಲ್ಕು ದಿನ, ಮಧ್ಯಾಹ್ನದ ಚಹಾ ಮುಗಿದ ಮೇಲೆ, ಇಬ್ಬರೂ ಪಕ್ಕಪಕ್ಕ ಕೂತು ಹಾಳೆ ಮಗುಚಿದರು. ಅಪೂರ್ವ ಬಿಳಿ ಕೈಗವಸು ತೊಟ್ಟು ಮಗುಚುತ್ತಿದ್ದಳು. ಶಿವಕಾಂತಾ ಮುಟ್ಟದೆ, ದೇವರ ಮುಂದೆ ಕೂತ ಹಾಗೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಕೈಗಳಿದ್ದವು, ಪಾದಗಳಿದ್ದವು, ಸಿಂಬಿ ಹೊತ್ತ ತಲೆಗಳಿದ್ದವು. ಎಡತುದಿಯಲ್ಲಿ ಬಾಯಿ ತೆರೆದು ಕೂತ ಹೆಂಗಸಿನ ಮೂಗನ್ನೇ ಒಂದು ಹಾಳೆ ತುಂಬ ಬರೆದಿದ್ದರು. ನಾಲ್ಕನೆಯ ದಿನ, ಕೊನೆಗೆ ಉಳಿದ ನೋಟ್‌ಬುಕ್ಕಿನಲ್ಲಿ, ಬೆನ್ನು ಸಿಕ್ಕಿತು. ಒಂದು ಹಾಳೆಯಲ್ಲ, ಆರು ಹಾಳೆ. ಎಲ್ಲ ಬೆನ್ನೇ. ಕೊನೆಯ ಹಾಳೆಯ ಕೆಳಗೆ ಮರಾಠಿಯಲ್ಲಿ ಎರಡು ಸಾಲು. ಅಪೂರ್ವ ಅಕ್ಷರ ಕೂಡಿಸಿ ಓದಿದಳು. ‘ಮುಖ ತೋರಿಸಲಿಲ್ಲ. ಬೇಡವೇ ಬೇಡ ಎಂದಳು.’

“ಸಿಕ್ತು!” ಹುಡುಗಿ ಕೂತಲ್ಲೇ ಕುಣಿದಳು. “ಅಕ್ಕ, ನನ್ನ ಇಡೀ ಥೀಸಿಸ್ ಇದೇ! ಅದು ಸುಮ್ನೆ ಬೆನ್ನಲ್ಲ, ನಿರಾಕರಣೆ ಅಂತ ಎರಡು ವರ್ಷದಿಂದ ಬಾಯಿ ಬಡ್ಕೊಂತಿದೀನಿ. ನೋಡೋರ ಅಧಿಕಾರಕ್ಕೆ ಒಬ್ಬ ಕೂಲಿ ಹೆಂಗ್ಸು ಹೇಳಿದ ‘ಇಲ್ಲ’. ಈಗ ಸಾಕ್ಷಿನೇ...” ಅಷ್ಟು ಹೇಳಿದವಳು ಪಕ್ಕಕ್ಕೆ ತಿರುಗಿ ನೋಡಿದಳು.

ಶಿವಕಾಂತಾ ಟ್ರಂಕಿನ ತಳ ನೋಡುತ್ತಿದ್ದಳು. ಅಲ್ಲಿ ಇನ್ನೇನೂ ಇರಲಿಲ್ಲ.

“ಸಾರಿ ಅಕ್ಕ.”

“ನೀವ್ಯಾಕ ಸಾರಿ ಅಂತೀರವ್ವಾ. ನಿಮಗ ಬೇಕಾದ್ದು ಸಿಕ್ತು, ಛಲೋ ಆತು.” ಎದ್ದು ಕಪ್ಪುಗಳನ್ನು ತಟ್ಟೆಗೆ ಹಾಕಿಕೊಂಡಳು. ಬಾಗಿಲ ತನಕ ಹೋಗಿ ನಿಂತಳು. “ಆದರ ಯಾಕ ಬ್ಯಾಡ ಅಂದ್ಳು?”

“ಅದೇ ಅಕ್ಕ, ರಾಜಕೀಯವಾಗಿ ನೋಡಿದ್ರೆ...”

“ಹಸಿದು ರೊಟ್ಟಿ ಮುರಿಯೋ ಹೊತ್ತಿನ್ಯಾಗ ರಾಜಕೀಯ ಇರಂಗಿಲ್ರಿ. ಏನರೆ ಕಾರಣ ಇದ್ದೀತು.”

ಅಪೂರ್ವಳಿಗೆ ಆ ರಾತ್ರಿ ಅದೇ ಮಾತು ಕೊರೆಯಿತೋ ಏನೋ, ಮರುದಿನ ಬಂದವಳೇ ಕೇಳಿದಳು. “ಚಿತ್ರದಲ್ಲಿರೋ ಬೇರೆಯವ್ರು ಯಾರಾದ್ರೂ ಬದುಕಿದಾರಾ?”

ಹನ್ನೊಂದು ವರ್ಷದಲ್ಲಿ ಶಿವಕಾಂತಾಳಿಗೆ ಹೊಳೆಯದ ಪ್ರಶ್ನೆ ಅದು. ಅವಳು ಒಂದೇ ಬೆನ್ನನ್ನು ನೋಡುತ್ತ ಬಂದವಳು. ಉಳಿದ ನಾಲ್ಕು ಮುಖಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಜಟ್ಟೆಪ್ಪನನ್ನು ಕೇಳಿದಳು. “ಎಡಕ್ಕ ಕುಂತಾಕಿ ಅವ್ವಮ್ಮ. ಸತ್ತಿರಬೇಕು ಬಿಡು” ಎಂದ. ಆದರೂ ಊರವರ ಮದುವೆ, ಮುಂಜಿವೆ, ಮಣ್ಣು ಮಾಡುವಲ್ಲಿ, ಎಲ್ಲ ಕಡೆ ವಿಚಾರಿಸಿ, ಎಂಟು ದಿನದಲ್ಲಿ ಹಲ್ಲು ಕಿರಿಯುತ್ತ ಬಂದ. “ಮುದುಕಿ ಗಟ್ಟಿ ಅದ. ದೌಂಡನ್ಯಾಗ ಮಗನ ಮನ್ಯಾಗ ಅದ. ಮಗ ರೈಲ್ವೇದಾಗ ಹಳಿ ಕೆಲಸ ಮಾಡ್ತಾನ.”

ಭಾನುವಾರ ಮೂವರೂ ಸೊಲ್ಲಾಪುರದ ಗಾಡಿ ಹತ್ತಿದರು. ಶಿವಕಾಂತಾ ಕ್ಯಾಲೆಂಡರಿನ ಚಿತ್ರವನ್ನು ಕಟ್ಟಿನ ಸಮೇತ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಿಟಕಿಯ ಆಚೆ ಕಬ್ಬಿನ ಹೊಲಗಳು ಹಿಂದೆ ಹಿಂದೆ ಓಡಿದವು.

ಅವ್ವಮ್ಮ ಅಂಗಳದ ಬಿಸಿಲಲ್ಲಿ ಕೂತಿದ್ದಳು. ಎಂಬತ್ತರ ಹತ್ತಿರದ ಜೀವ. ಮೂಗು ಮಾತ್ರ ಚಿತ್ರದಲ್ಲಿದ್ದಷ್ಟೇ ಗಟ್ಟಿಯಾಗಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಜಟ್ಟೆಪ್ಪ ತಾನು ಯಾರೆಂದು ಹೇಳಿದ.

“ಭಾಮಿ ತಮ್ಮ ಜಟ್ಯಾ? ಸುಂಬಳ ಸುರಿಸ್ಕೋತ ಅಂಗಿ ಬೇಕು ಅಂತ ಅಳ್ತಿದ್ದೆಲ್ಲೋ, ಅದೇ ಜಟ್ಯಾ?”

“ಈಗ ಮೊಮ್ಮಕ್ಕಳು ಅದಾವ ಬೇ ನನಗ.”

“ಅವಕರೆ ಅಂಗಿ ಹೊಲಿಸಿ ಕೊಟ್ಟೀಯೋ ಇಲ್ಲೋ?”

ಎಲ್ಲರೂ ನಕ್ಕರು. ಚಿತ್ರ ಬಿಚ್ಚಿದಾಗ ಅವ್ವಮ್ಮ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದಳು. ತನ್ನನ್ನು ಗುರುತಿಸಿ, “ಬಾಡ್ಯಾ, ನನ್ನ ಮೂಗು ಎಷ್ಟು ದೊಡ್ಡದು ಮಾಡ್ಯಾನ” ಎಂದು ಚಿತ್ರಕಾರನನ್ನು ಬಯ್ದಳು. ಅಪೂರ್ವ ಮೆಲ್ಲಗೆ ಕೇಳಿದಳು. “ಅಜ್ಜಿ, ನೀವು ಬಾಯಿ ತೆರೆದಿದೀರಲ್ಲ, ಘೋಷಣೆ ಕೂಗ್ತಿದೀರಿ ಅಂತ ಬರ್ದಿದಾರೆ ಪುಸ್ತಕದಲ್ಲಿ.”

“ಮೆಣಸಿನಕಾಯಿ ಕಡಿದಿದ್ದೆ ಯವ್ವಾ. ಭಾಳ ಖಾರ ಇತ್ತು.”

ಅಪೂರ್ವ ಬರೆದುಕೊಳ್ಳುತ್ತಿದ್ದ ಪೆನ್ನು ಎತ್ತಿದಳು. ಶಿವಕಾಂತಾ ಮುಂದೆ ಸರಿದು ಕೂತಳು. “ಅತ್ತಿ, ನಮ್ಮವ್ವ ಯಾಕ ಬೆನ್ನು ಮಾಡಿ ಕುಂತಾಳ?”

ಅವ್ವಮ್ಮ ಪೊರೆ ಇಲ್ಲದ ಕಣ್ಣಿನಿಂದ ಅವಳನ್ನು ದಿಟ್ಟಿಸಿದಳು. “ನೀ ಆ ಕೂಸೇನು?”

“ಹೌದ್ರಿ.”

“ಮತ್ತ ನಿನ್ನ ಸಲುವಾಗೇ. ಮಲಿ ಕುಡಿಲಾಕತ್ತಿದ್ದಿ ನೀ. ಅವ ಪೆನ್ಸಿಲ್ ತೆಗದ, ಆಕಿ ಗಪ್ಪನ ತಿರುಗಿ ಕುಂತ್ಳು. ನಿನ್ನ ಜಾವಳ ಆಗಿದ್ದಿಲ್ಲ.”

ಜಟ್ಟೆಪ್ಪ ಹಣೆ ಬಡಿದುಕೊಂಡ. “ಶಿವಶಿವಾ! ಹೌದಲ್ಲ! ಕೂಸು ಜೋಳಿಗ್ಯಾಗ ಇರಬೇಕು ಅಂತ ನಾ ತಿಳಿದಿದ್ದೆ. ನಾ ಆವತ್ತು ನೀರಿಗಿ ಹೋಗಿದ್ದೆ.” ಅಪೂರ್ವಳಿಗೆ ತಿಳಿಯಲಿಲ್ಲವೆಂದು ಕಂಡು ಅವನೇ ಬಿಡಿಸಿ ಹೇಳಿದ. ಅವರ ಕಡೆ ಕೂಸಿನ ಮೊದಲ ಕೂದಲನ್ನು ದೇವರ ಮುಂದೆ ಸೋದರಮಾವ ತೆಗೆಯಬೇಕು, ಅದು ಜಾವಳ. ಅದಾಗುವ ತನಕ ಕೂಸಿನ ಫೋಟೋ ತೆಗೆಯಬಾರದು, ಚಿತ್ರ ಬರೆಯಬಾರದು. ಬರೆದರೆ ಆಯುಷ್ಯ ಕಡಿಮೆ ಎಂದು ನಂಬಿಕೆ. ಭಾಮಾ ಹೋದ ಮೇಲೆ, ಹದಿನಾಲ್ಕರ ಜಟ್ಟೆಪ್ಪನೇ ಶಿವಕಾಂತಾಳನ್ನು ಊರಿಗೆ ಒಯ್ದು ಮೊದಲ ಕೂದಲು ಕತ್ತರಿಸಿದ್ದ.

“ಪೇಂಟರ್ ಕೇಳ್ಲಿಲ್ವಾ, ಈ ಕಡೆ ತಿರುಗಿ ಅಂತ?” ಅಪೂರ್ವ ಕೇಳಿದಳು.

“ಹತ್ತು ಸಲ ಅಂದ. ನಮಗ ಮರಾಠಿ ಬರ್ತಿದ್ದಿಲ್ಲ, ಅವಗ ಕನ್ನಡ ಬರ್ತಿದ್ದಿಲ್ಲ. ಆಕಿ ಕೈ ಮಾಡಿ ಮಾಡಿ ಬ್ಯಾಡ ಬ್ಯಾಡ ಅಂದ್ಳು. ನಾ ಅಂದೆ, ಏ ಭಾಮೀ, ಕೂಸು ನನ್ನ ಕಡಿ ಕೊಡು, ನೀ ತಿರುಗಿ ಕುಂದ್ರು, ನಿನ್ನ ಚಿತ್ರ ಆಗ್ತದ ಅಂತ. ಆಕಿ ಏನಂದ್ಳು, ಜಾವಳ ಆಗ್ಲಿ ಬಿಡು ಅಕ್ಕಾ, ಆಮ್ಯಾಲ ಇಬ್ರದೂ ಕೂಡೇ ತೆಗಸ್ತೀನಿ ಅಂದ್ಳು.”

ದೂರದಲ್ಲಿ ಒಂದು ಗಾಡಿ ಸೀಟಿ ಹಾಕಿತು.

“ಮುಖ ಹೆಂಗಿತ್ರಿ ಅತ್ತಿ?” ಶಿವಕಾಂತಾ ಕೇಳಿದಳು. “ನನ್ನಂಗ ಇತ್ತೇನು?”

ಅವ್ವಮ್ಮ ಅವಳ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ನೋಡಿದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. “ಇಲ್ಲ ಯವ್ವಾ. ನೀ ನಿಮ್ಮಪ್ಪನ ಅಚ್ಚು. ಆಕಿದು ಬ್ಯಾರೇನೇ ಇತ್ತು.” ಮತ್ತೆ ಚಿತ್ರ ಎತ್ತಿಕೊಂಡಳು. ಬೆನ್ನು ಮಾಡಿ ಕೂತವಳ ಎಡ ಮೊಣಕೈ ಸ್ವಲ್ಪ ಹೊರಗೆ ಚಾಚಿತ್ತು. ಅದರ ಕೆಳಗೆ ಸೆರಗು ಬಿಗಿದು ಒಂದು ಉಬ್ಬು. ಪುಸ್ತಕಗಳಲ್ಲಿ ಅದನ್ನು ಬರೀ ನೆರಳು ಎಂದು ಬರೆದಿದ್ದರು. ಅವ್ವಮ್ಮ ಗೆಣ್ಣು ಬಿದ್ದ ಬೆರಳನ್ನು ಅದರ ಮೇಲೆ ಇಟ್ಟಳು. “ಇಲ್ಲಿ ಇದ್ದಿ ನೀ. ಆಕಿ ತಲಿ ಬಗ್ಗಿಸ್ಯಾಳ ನೋಡು, ನಿನ್ನೇ ನೋಡ್ಲಾಕತ್ತಾಳ. ನಾವು ಇಷ್ಟು ಮಂದಿ ಕುಂತಿದ್ವಿ, ಆ ಪೇಂಟರ್ ಇದ್ದ, ನಮಗ್ಯಾರಿಗೂ ಆಕಿ ಮಾರಿ ಕಾಣ್ತಿದ್ದಿಲ್ಲ. ಆ ಹೊತ್ತಿನ್ಯಾಗ ಆಕಿ ಮಾರಿ ನೋಡಿದಾಕಿ ನೀ ಒಬ್ಬಾಕೀನೇ.”

ತಿರುಗಿ ಬರುವಾಗ ಗಾಡಿಯಲ್ಲಿ ಗದ್ದಲವಿತ್ತು. ಅಪೂರ್ವ ಬಹಳ ಹೊತ್ತಿನ ಮೇಲೆ ಕೇಳಿದಳು. “ಸ್ವಲ್ಪನೂ ನೆನಪಿಲ್ವಾ ಅಕ್ಕ?”

“ಆರು ತಿಂಗಳ ಕೂಸಿಗಿ ಏನು ನೆನಪಿರ್ತದವ್ವಾ.” ಆದರೂ ಅವಳು ಕಣ್ಣು ಮುಚ್ಚಿಕೊಂಡಳು. ಪುಣೆ ಬರುವ ತನಕ ತೆರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಅಪೂರ್ವಳ ಪ್ರಬಂಧ ಮಂಡನೆ ಇತ್ತು. ಶಿವಕಾಂತಾ ಎಂದಿನಂತೆ ಫ್ಲಾಸ್ಕು ಹಿಡಿದು ಹಿಂದೆ ನಿಂತಳು. ಹುಡುಗಿ ತನ್ನ ‘ನಿರಾಕರಣೆ’ಯನ್ನು ಬಿಟ್ಟಿರಲಿಲ್ಲ. ಆದರೆ ಕೊನೆಯಲ್ಲಿ, ಈ ಹೆಂಗಸು ನೋಡುಗರಿಗೆ ಮುಖ ಕೊಡಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಅವಳ ಮುಖ ಇನ್ನೊಬ್ಬರಿಗೆ ಬೇಕಾಗಿತ್ತು ಎಂದು ಹೇಳಿ ಜಾವಳದ ವಿಷಯ ಓದಿದಳು. ಹಿರಿಯ ಪ್ರೊಫೆಸರರು ಕನ್ನಡಕ ಸರಿಮಾಡಿಕೊಂಡು ಮರಾಠಿಯಲ್ಲಿ ಕೇಳಿದರು. ಇದಕ್ಕೆ ಆಧಾರವೇನು?

“ಚಿತ್ರದೊಳಗೆ ಕೂತಿದ್ದವರು ಹೇಳಿದ್ದು, ಸರ್. ಇಬ್ಬರು. ಎಡತುದಿಯವರು ಒಬ್ಬರು, ಆ ಸೆರಗಿನೊಳಗೆ ಇದ್ದವರು ಇನ್ನೊಬ್ಬರು.”

ಸಭೆಯಲ್ಲಿ ನಗೆ ಎದ್ದಿತು. ಪ್ರೊಫೆಸರರು ನಗದೆ, ಕೆಲ ಹೊತ್ತು ಪರದೆಯ ಮೇಲಿನ ಮೊಣಕೈಯನ್ನೇ ನೋಡಿ, “ಅಡಿಟಿಪ್ಪಣಿಯಲ್ಲಿ ಹಾಕು” ಎಂದರು.

ಚಹಾ ಕೊಡುವಾಗ ಶಿವಕಾಂತಾ ಅಡಿಟಿಪ್ಪಣಿ ಎಂದರೇನು ಎಂದು ಕೇಳಿದಳು. ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ಬರೆಯುವುದು ಎಂದು ಅಪೂರ್ವ ಸಿಟ್ಟಿನಿಂದಲೇ ಹೇಳಿದಳು.

“ಸಾಕಲ್ರಿ. ನಾನೂ ಅಲ್ಲೇ ಕೆಳಗ ಇದ್ದೆ, ತೊಡಿ ಮ್ಯಾಲ.”

ಹತ್ತು ದಿನದ ಮೇಲೆ ಅಮಾವಾಸ್ಯೆ ಬಂತು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ಮಾಡಿ ಶಿವಕಾಂತಾ ಎಡೆ ಬಡಿಸಿದಳು. ಅತ್ತೆ ಮಾವನ ಫೋಟೋಗಳನ್ನು ಒರೆಸಿ ಕುಂಕುಮ ವಿಭೂತಿ ಹಚ್ಚಿದಳು. ಈ ಸಲ ತಂಬಿಗೆ ಇಡಲಿಲ್ಲ. ಕ್ಯಾಲೆಂಡರಿನ ಚಿತ್ರವನ್ನು ಮಣೆಯ ಮೇಲೆ ನಿಲ್ಲಿಸಿ ಮುಂದೆ ಕೂತಳು. ಚನ್ನವೀರ ಆರತಿ ಹಿಡಿದು ಕಾಯುತ್ತ, “ತಂಬಗಿ ಎಲ್ಲಿ? ಕುಂಕುಮ ಎಲ್ಲಿ ಹಚ್ತಿ?” ಎಂದ.

ಅವಳು ಕುಂಕುಮದ ಬಟ್ಟಲಿನ ಮುಚ್ಚಳ ತೆಗೆದು, ಮನೆಗೆ ಬಂದ ಮುತ್ತೈದೆಯ ಮುಂದೆ ಹಿಡಿಯುವ ಹಾಗೆ, ಎರಡೂ ಕೈಯಿಂದ ಚಿತ್ರದ ಮುಂದೆ ಹಿಡಿದಳು. ಕೂಸನ್ನು ಒಂದು ತೋಳಿಗೆ ಒರಗಿಸಿಕೊಂಡು, ಇನ್ನೊಂದು ಕೈಯ ಬೆರಳು ಅದ್ದಿ, ಹಣೆಗೆ ಹಚ್ಚಿಕೊಳ್ಳಲು ಹೆಂಗಸೊಬ್ಬಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದೇ ಇದ್ದಳು. ಆಮೇಲೆ ಮುಚ್ಚಳ ಹಾಕಿದಳು.